ಇಗತ್‌ಪುರಿಯಿಂದ ಬರುವ ಪಾರಿವಾಳಕ್ಕೆ ದಾರಿಯಲ್ಲಿ ತಿಂಡಿ ಕೊಡಬಾರದೆಂಬ ಬಗ್ಗೆ

ಶಾಲ್ಮಲಿ ಸಹಕಾರಿ ಗೃಹನಿರ್ಮಾಣ ಸೊಸೈಟಿ, ನೆರೂಳ
ಟೆರೇಸ್ ಮತ್ತು ಆಕಾಶ ಉಪಸಮಿತಿ
(ಕಚೇರಿ: ಬಿ ವಿಂಗ್, ಮೆಟ್ಟಿಲಿನ ಕೆಳಗೆ, ಸೈಕಲ್‌ಗಳ ಹಿಂದೆ)

ಸುತ್ತೋಲೆ ಸಂಖ್ಯೆ: ಟೆ.ಆ.ಉ./ಪಾರಿವಾಳ/ಮರಿ/7
ದಿನಾಂಕ: ಫೆಬ್ರವರಿ ತಿಂಗಳ ಎರಡನೆಯ ಗುರುವಾರ

ವಿಷಯ: ಬರುವ ಭಾನುವಾರ ಇಗತ್‌ಪುರಿಯಿಂದ ಹಾರಿ ಬರಲಿರುವ ಸ್ಪರ್ಧೆಯ ಪಾರಿವಾಳದ ಮರಿಗೆ, ಅದು ಟೆರೇಸಿನ ಗೂಡನ್ನು ಹೊಗುವ ಮೊದಲು, ಕೆಳಗಿನ ಯಾವುದೇ ಮಹಡಿಯಲ್ಲಿ ತಿಂಡಿ, ನೀರು ಅಥವಾ ಸಮಾಧಾನ ನೀಡುವುದನ್ನು ನಿಷೇಧಿಸುವ ಕುರಿತು.

ಉಲ್ಲೇಖ:
(ಅ) ಗೂಡು ಇರಬೇಕೇ ಬೇಡವೇ ಎಂಬ ಬಗ್ಗೆ ಸರ್ವಸದಸ್ಯರ ಸಭೆಯ ನಿರ್ಣಯ.
(ಆ) ಕಳೆದ ಭಾನುವಾರ ಬಿ ವಿಂಗ್ ಮೂರನೇ ಮಹಡಿಯ ಅಡುಗೆಮನೆ ಕಿಟಕಿಯಲ್ಲಿ ನಡೆದ ಘಟನೆ.
(ಇ) ಆ ಘಟನೆಯ ಬಗ್ಗೆ ಶ್ರೀ ದೇವದಾಸ್ ಅವರು ಯಾವ ದೂರನ್ನೂ ಕೊಡದಿರುವುದು.

ಪ್ರಸ್ತಾವನೆ:

ಬಿ ವಿಂಗ್ ಆರನೇ ಮಹಡಿಯ ನಿವಾಸಿ ಶ್ರೀ ದೇವದಾಸ್ ಅವರು ಮಹಾಪೆಯ ಕೈಗಾರಿಕಾ ವಸಾಹತಿನಲ್ಲಿ ನಡೆಸುತ್ತಿದ್ದ ಕ್ಯಾಂಟೀನನ್ನು ಮುಚ್ಚಿದ ನಂತರ, ಟೆರೇಸಿನಲ್ಲಿ ನೀರಿನ ಟಾಂಕಿಯ ಪಕ್ಕಕ್ಕೆ ಮರದ ಗೂಡೊಂದನ್ನು ಕಟ್ಟಿ, ಸ್ಪರ್ಧೆಗೆ ಹಾರುವ ಪಾರಿವಾಳದ ಮರಿಗಳನ್ನು ಸಾಕಿ ತರಬೇತಿ ಕೊಡುತ್ತಿರುವುದು ಎಲ್ಲ ಸದಸ್ಯರಿಗೂ, ವಿಶೇಷವಾಗಿ ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಸದಸ್ಯರಿಗೆ, ತಿಳಿದಿರುತ್ತದೆ. ಕ್ಯಾಂಟೀನಿನ ಅಭ್ಯಾಸದಿಂದ ಅವರಿಗೆ ಈಗಲೂ ನಸುಕಿನಲ್ಲಿಯೇ ಎಚ್ಚರವಾಗುತ್ತದೆಂದೂ, ಎದ್ದ ಮನುಷ್ಯನಿಗೆ ಹೋಗಲು ಒಂದು ಜಾಗ ಬೇಕಾಗುತ್ತದೆಂದೂ ಉಪಸಮಿತಿಯ ಗಮನಕ್ಕೆ ಬಂದಿದೆ. ಇದು ಈ ಸುತ್ತೋಲೆಯ ವಿಷಯವಲ್ಲವಾದ್ದರಿಂದ ಇಲ್ಲಿಗೇ ಬಿಡಲಾಗಿದೆ.

ಮಳೆಗಾಲಕ್ಕೆ ಮುನ್ನ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವ ವಿಷಯ ಸಭೆಗೆ ಬಂದಾಗ, ಗೂಡನ್ನು ಕೆಡವಬೇಕೆಂಬ ಸೂಚನೆಯೂ ಅದರ ಬೆನ್ನಿಗೇ ಬಂದಿತು. ಗೂಡು 'ಕ್ರೀಡಾ ಸೌಲಭ್ಯ'ವೆಂದು ಸಾಬೀತಾದಲ್ಲಿ ಮಾತ್ರ ಉಳಿಯಬಹುದೆಂದೂ, ಹಾಗೆ ಸಾಬೀತಾಗಲು ಈ ಸಲದ ಮರಿಗಳ ಸ್ಪರ್ಧೆಯಲ್ಲಿ ಕನಿಷ್ಠ ಒಂದು ಹಕ್ಕಿಯಾದರೂ ಅದೇ ದಿನ ಸೂರ್ಯಾಸ್ತದೊಳಗೆ ಗೂಡು ಸೇರಬೇಕೆಂದೂ ನಿರ್ಣಯಿಸಲಾಯಿತು. (ಕ್ಲಬ್‌ಹೌಸಿನ ಟೇಬಲ್ ಟೆನಿಸ್ ಮೇಜು ಬಹುಕಾಲದಿಂದ ಸಂಡಿಗೆ ಒಣಗಿಸಲು ಮಾತ್ರ ಬಳಕೆಯಾಗುತ್ತಿದ್ದರೂ ಕ್ರೀಡಾ ಸೌಲಭ್ಯವೆಂದೇ ಮುಂದುವರಿದಿದೆ. ಆ ಮಾತನ್ನು ಈ ಸಂದರ್ಭದಲ್ಲಿ ಯಾರೂ ಎತ್ತಬಾರದಾಗಿ ಕೋರಿದೆ.)

ದೇವದಾಸ್ ಅವರು ಕ್ಯಾಂಟೀನಿನ ಮಾತುಗಳಿಂದಲೇ ಹೆಸರಿಟ್ಟ ಮೂರು ಮರಿಗಳಲ್ಲಿ ಬನ್ಸ್ ಮತ್ತು ಕಟಿಂಗ್ ಎಂಬವು ಆಸನಗಾಂವ್‌ನಿಂದ ಬಿಟ್ಟ ದಿನ ಹಿಂತಿರುಗಲಿಲ್ಲ. ಅವುಗಳ ನೀರಿನ ಬಟ್ಟಲುಗಳನ್ನು ಅವರು ಈಗಲೂ ದಿನಾ ತೊಳೆದು ತುಂಬಿಸಿಡುತ್ತಾರೆ. ಉಳಿದಿರುವುದು ಪಾರ್ಸೆಲ್ ಎಂಬ ಬೂದುಬಣ್ಣದ ಹೆಣ್ಣುಮರಿ ಒಂದೇ. ಅಂದರೆ ಗೂಡು ಉಳಿಯುವುದೂ ಅಳಿಯುವುದೂ ಪಾರ್ಸೆಲ್‌ನ ಕೈಯಲ್ಲಿ, ಅಥವಾ ರೆಕ್ಕೆಯಲ್ಲಿ, ಇರುತ್ತದೆ. ಈ ಹಿನ್ನೆಲೆಯಲ್ಲಿ ಸರ್ವರ ತಿಳಿವಳಿಕೆಗೂ ಕಟ್ಟುನಿಟ್ಟಿನ ಪಾಲನೆಗೂ ಕೆಳಕಂಡಂತೆ ಸೂಚಿಸಲಾಗಿದೆ.

1. ವ್ಯಾಖ್ಯೆ: 'ಮರಿ' ಎಂದರೆ ನವರಾತ್ರಿಯ ಸುಮಾರಿಗೆ ಮೊಟ್ಟೆಯೊಡೆದು ಬಂದ, ಎಳೆಯ ಕಾಲಿಗೇ ಅಂಕಿಯ ಉಂಗುರ ತೊಡಿಸಿಕೊಂಡ, ಇನ್ನೂ ಒಂದು ಮಳೆಗಾಲವನ್ನು ಕಾಣದ ಸ್ಪರ್ಧೆಯ ಪಾರಿವಾಳ. ಕಾಲು ಬಲಿತ ಮೇಲೆ ಆ ಉಂಗುರವನ್ನು ತೊಡಿಸಲೂ ಆಗದು, ತೆಗೆಯಲೂ ಆಗದು. ಆದ್ದರಿಂದ ಗುರುತಿನ ಚೀಟಿಯನ್ನು ಮನೆಯಲ್ಲಿ ಮರೆತು ಬಂದೆನೆಂಬ ಸದಸ್ಯರ ನೆಪ ಮರಿಗಳಿಗೆ ಲಭ್ಯವಿಲ್ಲ. ಎ.ಸಿ. ಯಂತ್ರಗಳ ಮೇಲೆ ಸಂಸಾರ ಹೂಡಿರುವ ಬೀದಿ ಪಾರಿವಾಳಗಳು ಈ ವ್ಯಾಖ್ಯೆಗೆ ಒಳಪಡುವುದಿಲ್ಲ. ಅವುಗಳ ಬಗ್ಗೆ ಈಗಾಗಲೇ ಸಾಕಷ್ಟು ಜಗಳವಾಡಲಾಗಿದೆ.

2. ತರಬೇತಿಯ ಕ್ರಮ: ಮರಿಯನ್ನು ಮೊದಲು ಗೂಡಿನ ಸುತ್ತ ಹಾರಲು ಬಿಟ್ಟು, ಆಮೇಲೆ ಮಹಾಪೆಯಿಂದ, ಕಲ್ಯಾಣದಿಂದ, ಆಸನಗಾಂವ್‌ನಿಂದ, ಕಸಾರಾದಿಂದ, ಸ್ಪರ್ಧೆಯ ದಿನ ಅದಕ್ಕೂ ಆಚಿನ ಇಗತ್‌ಪುರಿಯಿಂದ, ಹೀಗೆ ಒಂದೇ ದಿಕ್ಕಿನಲ್ಲಿ ದೂರವನ್ನು ಹೆಚ್ಚಿಸುತ್ತ ಹೋಗಲಾಗುತ್ತದೆ. ಬಿಡುವ ದಿನ ಮರಿಯನ್ನು ಅರೆಹೊಟ್ಟೆಯಲ್ಲಿ ಇಡಲಾಗುತ್ತದೆ, ಏಕೆಂದರೆ ಹಸಿದದ್ದು ಎಲ್ಲಿಯೂ ಸುತ್ತಾಡದೆ ನೇರ ಮನೆಗೆ ಬರುತ್ತದೆ. ದೇವದಾಸ್ ಅವರು ಹಳೆಯ ಚಹಾಪುಡಿ ಡಬ್ಬದಲ್ಲಿ ಕಡಲೆ ಹಾಕಿ ಕುಲುಕಿದೊಡನೆ, ಅದು ಒಳಮುಖವಾಗಿ ಮಾತ್ರ ತೆರೆಯುವ ಸರಳುಬಾಗಿಲನ್ನು ತಳ್ಳಿಕೊಂಡು ಒಳಗೆ ಹೋಗಬೇಕು. ಒಳಗೆ ಹೋದ ಮೇಲೆಯೇ ಅದರ ಸಮಯ ದಾಖಲಾಗುವುದು. ಹೊರಗೆ ಎಲ್ಲಿಯೇ ಕುಳಿತರೂ, ಗೂಡಿನ ಮಾಡಿನ ಮೇಲೆಯೇ ಕುಳಿತರೂ, ಸ್ಪರ್ಧೆಯ ಲೆಕ್ಕದಲ್ಲಿ ಆ ಹಕ್ಕಿ ಇನ್ನೂ ಇಗತ್‌ಪುರಿಯಲ್ಲಿಯೇ ಇದೆ.

3. ಘಟನೆಯ ವಿವರ: ಕಳೆದ ಭಾನುವಾರ ಕೊನೆಯ ತಾಲೀಮಿಗಾಗಿ, ಕಲ್ಯಾಣದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ, ದೇವದಾಸ್ ಅವರ ಸ್ನೇಹಿತ ಶ್ರೀ ಮಾಪಣ್ಣ ಅವರು ಪಾರ್ಸೆಲ್‌ನ ಬುಟ್ಟಿಯನ್ನು ಲೋಕಲ್ ಟ್ರೇನಿನಲ್ಲಿ ಕಸಾರಾಕ್ಕೆ ಒಯ್ದು ಅಲ್ಲಿಂದ ಬಿಟ್ಟರು. "ಬಿಟ್ಟೇನ್ರಿ ದೇವದಾಸಣ್ಣಾರ. ನಾ ಕಲ್ಯಾಣ ಮುಟ್ಟೂದ್ರಾಗ ಅದು ನಿಮ್ಮನಿ ಮುಟ್ಟಿರ್ತೈತಿ, ನೀವೇನ್ ಚಿಂತಿ ಮಾಡಬ್ಯಾಡ್ರಿ" ಎಂದು ಅವರು ಫೋನಿನಲ್ಲಿ ತಿಳಿಸಿದರು. ಅವರ ಮಾತು ಅಕ್ಷರಶಃ ನಿಜವಾಯಿತು. ಆದರೆ ಮರಿ ಮುಟ್ಟಿದ್ದು ಗೂಡನ್ನಲ್ಲ, ಮೂರನೇ ಮಹಡಿಯ ಶ್ರೀಮತಿ ಲೋಲಾಕ್ಷಿ ಅವರ ಅಡುಗೆಮನೆಯ ಕಿಟಕಿಯನ್ನು. ಅಲ್ಲಿ ಅದರ ಮುಂದೆ, ಊರಿನ ಪದ್ಧತಿಯಂತೆ, ಒಂದು ಬಟ್ಟಲು ನೀರು ಮತ್ತು ಒಂದು ಚೂರು ಬೆಲ್ಲವನ್ನು ಇಡಲಾಯಿತು. ನಂತರ ನೆನೆಸಿದ ಹೆಸರುಕಾಳನ್ನೂ ಬಡಿಸಲಾಯಿತು. ಮರಿಯು ಬೆಲ್ಲವನ್ನು ಮುಟ್ಟಲಿಲ್ಲ, ಹೆಸರುಕಾಳನ್ನು ಬಿಡಲಿಲ್ಲ. ಬಳಿಕ, ಹೊಟ್ಟೆ ತುಂಬಿದ ಯಾರೇ ಆದರೂ ಭಾನುವಾರ ಮಾಡುವುದನ್ನೇ ಮಾಡಿ, ಎ.ಸಿ. ಯಂತ್ರದ ಮೇಲೆ ಸಂಜೆಯ ತನಕ ನಿದ್ರಿಸಿತು.

4. ವಿಚಾರಣೆ: ಉಪಸಮಿತಿಯು ಮೆಟ್ಟಿಲಿನ ಕೆಳಗೆ ನಡೆಸಿದ ವಿಚಾರಣೆಯಲ್ಲಿ ಶ್ರೀಮತಿ ಲೋಲಾಕ್ಷಿ ಅವರು ನೀಡಿದ ಹೇಳಿಕೆ ಹೀಗಿದೆ: "ಕಸಾರಾದಿಂದ ಬಂದದ್ದಲ್ವಾ ಪಾಪ. ಟ್ರೇನಲ್ಲಿ ಕೂತ್ಕೊಂಡು ಬಂದವರಿಗೇ ನಾವು ಬೆಲ್ಲ ನೀರು ಕೊಡ್ತೇವೆ. ಇದು ಹಾರಿಕೊಂಡು ಬಂದದ್ದು ಮಾರಾಯ್ರೆ! ಮೇಲೆ ಹೋಗು ಅಂತ ಹೇಗೆ ಹೇಳುದು?" ನಾಲ್ಕನೇ ಮಹಡಿಯ ಉಡುಪಿಯವರಾದ ಶ್ರೀಮತಿ ರಮಾಮಣಿ ಅವರು, ಇದಕ್ಕೂ ಹಿಂದಿನ ತಾಲೀಮುಗಳಲ್ಲಿ ತಾವೂ ಅವಲಕ್ಕಿ ಹಾಕಿದ್ದುಂಟೆಂದು ತಾವಾಗಿಯೇ ಒಪ್ಪಿಕೊಂಡು, "ಒಗ್ಗರಣೆ ಹಾಕಿದ್ದಲ್ಲ, ಬರೇ ಅವಲಕ್ಕಿ. ಅದು ಲೆಕ್ಕಕ್ಕೆ ಬರ್ತದಾ?" ಎಂದು ಕೇಳಿದ್ದಾರೆ. ಲೆಕ್ಕಕ್ಕೆ ಬರುತ್ತದೆ. ಅವರ ಮೊಮ್ಮಗಳು ಕುಮಾರಿ ನಿಶಾ ಅವರು "ಅಂಕಲ್, ಮೈನೆ ತೋ ಸಿರ್ಫ್ ಪಾನಿ ರಖಾ ಥಾ" ಎಂದಿದ್ದಾರೆ. ನೀರೂ ಲೆಕ್ಕಕ್ಕೆ ಬರುತ್ತದೆ. ವಿಚಾರಣೆಯ ಕೊನೆಗೆ, ಸದರಿ ಮರಿಯು ಈ ಕಟ್ಟಡದಲ್ಲಿ ಒಮ್ಮೆಯೂ ನಿಜವಾಗಿ ಹಸಿದಿರಲಿಲ್ಲವೆಂಬುದು ಉಪಸಮಿತಿಗೆ ಮನವರಿಕೆಯಾಗಿದೆ.

ಅಂದು ದೇವದಾಸ್ ಅವರು ಡಬ್ಬವನ್ನು ಕೈಯಲ್ಲಿ ಹಿಡಿದುಕೊಂಡೇ ಮೂರನೇ ಮಹಡಿಗೆ ಇಳಿದು ಬಂದು, ತಟ್ಟೆಯ ಮುಂದೆ ಕುಳಿತ ಮರಿಯನ್ನು ನೋಡಿ, "ಇರ್ಲಿ ಲೋಲಾಕ್ಷಕ್ಕ. ತಿನ್ನಲಿ. ಬಂತಲ್ಲ, ಅಷ್ಟು ಸಾಕು" ಎಂದಷ್ಟೇ ಹೇಳಿ ಹಿಂತಿರುಗಿದರೆಂದು ಸಾಕ್ಷಿಗಳು ತಿಳಿಸಿದ್ದಾರೆ. ಅವರು ಬೈದಿದ್ದರೆ ಈ ಸುತ್ತೋಲೆಯ ಅಗತ್ಯ ಬೀಳುತ್ತಿರಲಿಲ್ಲ.

5. ತಿಂಡಿಯ ನಿಷೇಧ: ಭಾನುವಾರ ಬೆಳಿಗ್ಗೆ ಇಗತ್‌ಪುರಿಯಲ್ಲಿ ಮರಿಯನ್ನು ಬಿಟ್ಟ ಗಳಿಗೆಯಿಂದ ಅದು ಗೂಡು ಸೇರುವ ತನಕ, ಯಾವ ಸದಸ್ಯರೂ ಅದಕ್ಕೆ ಅವಲಕ್ಕಿ, ಹೆಸರುಕಾಳು, ಶೇಂಗಾ, ಇಡ್ಲಿಯ ಪುಡಿ, ದೋಸೆಯ ಅಂಚು, ಬೆಲ್ಲ ಅಥವಾ ನೀರು ನೀಡತಕ್ಕದ್ದಲ್ಲ. "ಒಂದೇ ಕಾಳು", "ಬಿದ್ದು ಹೋದದ್ದು", "ಅದೇ ನನ್ನನ್ನು ನೋಡ್ತಾ ಇತ್ತು" ಎಂಬ ಸಮಜಾಯಿಷಿಗಳನ್ನು ಪರಿಗಣಿಸಲಾಗುವುದಿಲ್ಲ.

6. ಕಿಟಕಿಗಳು: ಅಂದು ಬೆಳಗಿನಿಂದಲೇ ಬಿ ವಿಂಗಿನ ಎಲ್ಲ ಕಿಟಕಿಗಳನ್ನು ಮುಚ್ಚಿ ಪರದೆ ಎಳೆಯತಕ್ಕದ್ದು. ಕಿಟಕಿಯ ಹೊರಗಿನ ಹಗ್ಗಗಳಿಂದ ಬಟ್ಟೆಗಳನ್ನೆಲ್ಲ ತೆಗೆದಿಡತಕ್ಕದ್ದು. ಮರಿಯು ಸೀರೆಯ ಸೆರಗನ್ನು ಆಮಂತ್ರಣವೆಂದು ಭಾವಿಸುವ ಸಂಭವವಿದೆ.

7. ಡಬ್ಬಗಳು: ಮರಿಯು ಡಬ್ಬದ ಸದ್ದಿಗೆ ಬರುವಂತೆ ತರಬೇತಿ ಪಡೆದಿರುವುದರಿಂದ, ಅಂದು ಅಡುಗೆಮನೆಗಳಲ್ಲಿ ಯಾವ ಡಬ್ಬವನ್ನೂ ಕುಲುಕಬಾರದು. ಸಾಸಿವೆಯನ್ನು ಚಮಚದಿಂದ ನಿಶ್ಶಬ್ದವಾಗಿ ತೆಗೆಯತಕ್ಕದ್ದು. ಉಪಸಮಿತಿಯು ಮನೆ ಮನೆಗೆ ಹೋಗಿ ಡಬ್ಬಗಳನ್ನು ಕುಲುಕಿ ಪರೀಕ್ಷಿಸಿದ್ದು, ಶ್ರೀಮತಿ ರಮಾಮಣಿ ಅವರ ಉದ್ದಿನಬೇಳೆ ಡಬ್ಬದ ಸದ್ದು ದೇವದಾಸ್ ಅವರ ಡಬ್ಬವನ್ನು ಬಹಳ ಮಟ್ಟಿಗೆ ಹೋಲುತ್ತದೆ. ಸದರಿ ಡಬ್ಬವನ್ನು ಶನಿವಾರ ಸಂಜೆಯೇ ಟವೆಲಿನಲ್ಲಿ ಸುತ್ತಿಡತಕ್ಕದ್ದು. ಅಂದು ಅವರ ಮನೆಯಲ್ಲಿ ಉದ್ದಿನಬೇಳೆ ಇಲ್ಲದ ಉಪ್ಪಿಟ್ಟಿಗೆ ಅನುಮತಿಯಿದೆ.

8. ಮಾತು ಮತ್ತು ನೋಟ: ಮರಿಯನ್ನು ಕನ್ನಡದಲ್ಲಿ "ಬಾ ಬಾ" ಎಂದಾಗಲಿ, ತುಳುವಿನಲ್ಲಿ "ಬಲ ಬಲ" ಎಂದಾಗಲಿ, ಮರಾಠಿಯಲ್ಲಿ "ಯೇ ಯೇ" ಎಂದಾಗಲಿ ಕರೆಯಬಾರದು. ಮರಿಯನ್ನು ಕನಿಕರದಿಂದ ನೋಡುವುದನ್ನೂ ನಿಷೇಧಿಸಲಾಗಿದೆ. ಕನಿಕರವನ್ನು ತಡೆದುಕೊಳ್ಳಲಾಗದವರು ಹಿಂದಿನ ಕೋಣೆಯಲ್ಲಿ ಟಿ.ವಿ. ನೋಡತಕ್ಕದ್ದು.

9. ಸದಸ್ಯತ್ವವಿಲ್ಲದ ಹಕ್ಕಿಗಳು: ಬೀದಿ ಪಾರಿವಾಳಗಳು ಅಂದು ಬೆಳಿಗ್ಗೆ ಎದುರಿನ ಕಟ್ಟಡಕ್ಕೆ ಹೋಗಿ ಕುಳಿತಿರತಕ್ಕದ್ದು. ಇದನ್ನು ಅವುಗಳಿಗೆ ತಿಳಿಸುವ ಹೊಣೆ ವಾಚ್‌ಮನ್‌ನದು. ಗಿಡುಗಗಳ ವಿಷಯದಲ್ಲಿ ಉಪಸಮಿತಿಗೆ ಯಾವ ಅಧಿಕಾರವೂ ಇಲ್ಲ. ವಿಷಾದಿಸಲಾಗಿದೆ.

10. ತರಬೇತುದಾರರು: ಮರಿಯನ್ನು ಹಸಿದಿಡುವುದು ತರಬೇತಿಯ ಭಾಗ, ತರಬೇತುದಾರರು ತಾವೇ ಹಸಿದಿರುವುದು ಯಾವ ತರಬೇತಿಯ ಭಾಗವೂ ಅಲ್ಲ. ತಾಲೀಮಿನ ದಿನಗಳಲ್ಲಿ ಮರಿ ಬರುವ ತನಕ ದೇವದಾಸ್ ಅವರು ಚಹಾವನ್ನೂ ಕುಡಿಯುವುದಿಲ್ಲವೆಂದು ತಿಳಿದುಬಂದಿದೆ. ಭಾನುವಾರ ತಿಂಡಿ ಕೊಡಲೇಬೇಕೆಂದು ಕೈ ತುರಿಸುವ ಸದಸ್ಯರು ಅದನ್ನು ಟೆರೇಸಿಗೆ ಒಯ್ದು ಅವರಿಗೆ ಕೊಡತಕ್ಕದ್ದು. ಅವರ ವಿಷಯದಲ್ಲಿ ಕಲಂ 5 ಅನ್ವಯಿಸುವುದಿಲ್ಲ.

11. ಸಂಚಾಲಕರ ಬಿಳಿ ಅಂಗಿಗಳ ಮೇಲೆ ಬೀಳುವ ಹಿಕ್ಕೆಗೆ ಸಂಬಂಧಿಸಿದ ಹಿಂದಿನ ಆರು ಸುತ್ತೋಲೆಗಳು ಜಾರಿಯಲ್ಲಿಯೇ ಇರುತ್ತವೆ.

ಹೆಚ್ಚುವರಿ ಕಲಂಗಳು
(ಭಾನುವಾರ ಸಂಜೆ, ನೋಟಿಸ್ ಬೋರ್ಡಿನಲ್ಲಿ ಮೇಲಿನ ಹಾಳೆಯ ಕೆಳಗೆ ಅಂಟಿಸಿದ್ದು)

12. ಪಾಲನಾ ವರದಿ: ಸೊಸೈಟಿಯು ಹುಟ್ಟಿದಂದಿನಿಂದ ಇದೇ ಮೊದಲ ಬಾರಿಗೆ ಒಂದು ಸುತ್ತೋಲೆಯನ್ನು ಎಲ್ಲ ಸದಸ್ಯರೂ ಪಾಲಿಸಿದ್ದಾರೆ. ತೊಂದರೆಯಾದದ್ದು ಅದರಿಂದಲೇ.

13. ನಡೆದದ್ದು: ಬೆಳಿಗ್ಗೆ ಇಗತ್‌ಪುರಿಯಿಂದ ಶ್ರೀ ಮಾಪಣ್ಣ ಅವರ ಫೋನು ಬಂದಾಗ ಟೆರೇಸಿನಲ್ಲಿ ದೇವದಾಸ್ ಅವರೂ ಸಂಚಾಲಕರೂ ಮಾತ್ರ ಇದ್ದರು. ನಿರೀಕ್ಷಿಸಿದ ಹೊತ್ತಿಗೇ ಪಾರ್ಸೆಲ್ ಕಾಣಿಸಿಕೊಂಡಿತು. ಕಟ್ಟಡದ ಮೇಲೆ ಒಂದು ಸುತ್ತು ಹಾಕಿತು. ಮತ್ತೊಂದು ಹಾಕಿತು. ಆಮೇಲೆ ಎದುರಿನ ಕಟ್ಟಡದ ಟಾಂಕಿಯ ಮೇಲೆ, ಹೊತ್ತಿಗೆ ಮುಂಚೆಯೇ ಬಂದು ಕುಳಿತಿದ್ದ ಬೀದಿ ಪಾರಿವಾಳಗಳ ನಡುವೆ ಇಳಿಯಿತು. ದೇವದಾಸ್ ಅವರು ಡಬ್ಬವನ್ನು ಬಲಗೈ ಸೋಲುವ ತನಕ ಕುಲುಕಿ, ಎಡಗೈಗೆ ಬದಲಾಯಿಸಿ ಕುಲುಕಿದರು. ಮರಿಯು ಕತ್ತು ಓರೆ ಮಾಡಿ ನೋಡಿತು, ಹಾರಲಿಲ್ಲ. ಮಧ್ಯಾಹ್ನ ದಾಟಿತು. ಊಟದ ಬುತ್ತಿ ಮೂರು ಮನೆಗಳಿಂದ ಮೇಲೆ ಬಂದಿದ್ದರೂ ದೇವದಾಸ್ ಅವರು ಅದನ್ನು ಬಿಚ್ಚಲಿಲ್ಲ.

ಬಿಸಿಲು ಇಳಿಯತೊಡಗಿದಾಗ ಸಂಚಾಲಕರು ಕೆಳಗೆ ಬಗ್ಗಿ ನೋಡಿದರು. ಬಿ ವಿಂಗ್ ಪೂರ್ತಿ ಮುಚ್ಚಿತ್ತು. ಒಂದು ಕಿಟಕಿಯಿಲ್ಲ, ಒಂದು ಸೀರೆಯಿಲ್ಲ, ಒಂದು ಒಗ್ಗರಣೆಯ ಸದ್ದಿಲ್ಲ. ದೇವದಾಸ್ ಅವರು ಆಗ ಮೆಲ್ಲಗೆ, "ಅದು ಮನೆ ಹುಡುಕ್ತಾ ಉಂಟು ಯಜ್ಞೇಶ್ವರರೇ. ನಮ್ಮ ಬಿಲ್ಡಿಂಗ್ ಹೀಗೆ ಇರುವುದಲ್ಲ ಅಂತ ಅದಕ್ಕೆ ಗೊತ್ತುಂಟು" ಎಂದರು. ಕತ್ತಲಾದರೆ ಅದು ಅಲ್ಲಿಯೇ ಉಳಿಯುತ್ತದೆ, ಬೆಳಿಗ್ಗೆ ಬಂದರೆ ಲೆಕ್ಕಕ್ಕಿಲ್ಲ, ಎಂಬುದು ಇಬ್ಬರಿಗೂ ತಿಳಿದಿತ್ತು.

14. ಮೌಖಿಕ ಆದೇಶ: ಸಂಚಾಲಕರು ಮೆಟ್ಟಿಲ ಬಾಯಿಗೆ ಓಡಿ, "ಕಿಟಕಿ ತೆಗೀರಿ ಮಾರಾಯ್ರೆ! ಎಲ್ಲ ತೆಗೀರಿ! ಬಟ್ಟೆ ಹಾಕಿ! ಆ ಸುತ್ತೋಲೆ ಹಾಳಾಗಿ ಹೋಗ್ಲಿ!" ಎಂದು ಕೂಗಿದ್ದನ್ನು ಕಲಂ 6, 7 ಮತ್ತು 8ರ ತಾತ್ಕಾಲಿಕ ತಡೆಯೆಂದು ಪರಿಗಣಿಸಲಾಗಿದೆ. ಅದರ ಕೊನೆಯ ವಾಕ್ಯವನ್ನು ಕಡತದಿಂದ ಕೈಬಿಡಲಾಗಿದೆ.

15. ಆದೇಶದ ಜಾರಿ: ಕಿಟಕಿಗಳು ಒಂದರ ಹಿಂದೊಂದು ತೆರೆದವು. ಅಂದು ಯಾರೂ ಬಟ್ಟೆ ಒಗೆದಿರದ ಕಾರಣ ಶ್ರೀಮತಿ ಲೋಲಾಕ್ಷಿ ಅವರು ಕಪಾಟಿನಿಂದ ಇಸ್ತ್ರಿ ಮಾಡಿದ ಸೀರೆಗಳನ್ನೇ ತೆಗೆದು ಹಗ್ಗಕ್ಕೆ ಹಾಕಿದರು. ಶ್ರೀಮತಿ ರಮಾಮಣಿ ಅವರು ಉದ್ದಿನಬೇಳೆ ಡಬ್ಬವನ್ನು ಟವೆಲಿನಿಂದ ಬಿಡಿಸಿ, ಕುಲುಕಿ, ಅಷ್ಟಕ್ಕೇ ನಿಲ್ಲದೆ ಒಗ್ಗರಣೆಯನ್ನೂ ಹಾಕಿದರು. ಕುಮಾರಿ ನಿಶಾ ಅವರು ಎಲ್ಲ ಭಾಷೆಗಳಲ್ಲಿ ಕರೆದರು. ಎದುರಿನ ಟಾಂಕಿಯ ಮೇಲೆ ಒಂದು ಹಕ್ಕಿ ಮಾತ್ರ ಕತ್ತೆತ್ತಿತು. ಅದು ರಸ್ತೆ ದಾಟಿ ನೇರ ಬಂದು, ಗೂಡನ್ನು ಬಿಟ್ಟು, ಮೂರನೇ ಮಹಡಿಯ ಅಡುಗೆಮನೆಯ ಕಿಟಕಿಯಲ್ಲಿ ಕುಳಿತುಕೊಂಡಿತು.

16. ಮೂರನೇ ಮಹಡಿಯಲ್ಲಿ: ಮರಿಯು ಲೋಲಾಕ್ಷಿ ಅವರ ಮುಖವನ್ನು ನೋಡಿತು. ಒಲೆಯ ಪಕ್ಕದಲ್ಲಿ ಅವರದೇ ಅಡುಗೆಗೆ ನೆನೆಸಿದ ಹೆಸರುಕಾಳು ಇತ್ತು. ಮದುವೆಯಾಗಿ ಮುಂಬಯಿಗೆ ಬಂದಂದಿನಿಂದ ತಮ್ಮ ಬಾಗಿಲಿಗೆ ಬಂದ ಯಾರನ್ನೂ ಬರಿಹೊಟ್ಟೆಯಲ್ಲಿ ಕಳಿಸದ ಆ ಮಹಿಳೆ ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು, "ಇಲ್ಲ ಮಗಾ, ಇವತ್ತು ಇಲ್ಲಿ ಏನೂ ಇಲ್ಲ. ಮೇಲೆ ಹೋಗು. ಮೇಲೆ ಅವರು ಊಟ ಮಾಡದೆ ಕೂತಿದ್ದಾರೆ, ಹೋಗು ನನ್ನ ಬಂಗಾರ" ಎಂದು ಹೇಳಿ, ಅದಕ್ಕೆ ಬೆನ್ನು ಹಾಕಿ ನಿಂತರು. ಅವರ ಕಣ್ಣಿನಲ್ಲಿ ನೀರಿತ್ತೆಂಬ ಶ್ರೀಮತಿ ರಮಾಮಣಿ ಅವರ ಹೇಳಿಕೆಯನ್ನೂ, ಅದು ಒಗ್ಗರಣೆಯ ಘಾಟೆಂಬ ಲೋಲಾಕ್ಷಿ ಅವರ ಹೇಳಿಕೆಯನ್ನೂ ಉಪಸಮಿತಿಯು ಸಮಾನವಾಗಿ ದಾಖಲಿಸಿಕೊಂಡಿದೆ.

ಮರಿಯು ಸ್ವಲ್ಪ ಹೊತ್ತು ಕಾದು ನೋಡಿತು. ಮೇಲಿನಿಂದ ಡಬ್ಬದ ಸದ್ದು ಕೇಳಿಸುತ್ತಲೇ ಇತ್ತು. ಬಳಿಕ ಅದು ರೆಕ್ಕೆ ಬಡಿದು ಎದ್ದು, ಗೋಡೆಯ ಉದ್ದಕ್ಕೂ ಮೇಲೇರಿ, ಸರಳುಬಾಗಿಲನ್ನು ತಳ್ಳಿಕೊಂಡು ಒಳಗೆ ಹೋಯಿತು. ಆಗ ಸೂರ್ಯ ಇನ್ನೂ ಪಶ್ಚಿಮದ ಖಾಡಿಯ ನೀರಿಗಿಂತ ಮೇಲಿದ್ದನೆಂಬುದಕ್ಕೆ ಸಂಚಾಲಕರು ಸ್ವತಃ ಸಾಕ್ಷಿ. ಸ್ಪರ್ಧೆಯಲ್ಲಿ ಪಾರ್ಸೆಲ್‌ನದು ಕೊನೆಯ ಸ್ಥಾನ. ನಿರ್ಣಯದಲ್ಲಿ ಸ್ಥಾನದ ಬಗ್ಗೆ ಏನನ್ನೂ ಹೇಳಿಲ್ಲ.

17. ತಿದ್ದುಪಡಿ: ಕಲಂ 6, 7 ಮತ್ತು 8ನ್ನು ಈ ಮೂಲಕ ರದ್ದುಪಡಿಸಲಾಗಿದೆ. ಇನ್ನು ಮುಂದೆ ಸ್ಪರ್ಧೆಯ ದಿನಗಳಲ್ಲಿ ಬಿ ವಿಂಗ್ ಎಂದಿನಂತೆಯೇ ಕಾಣತಕ್ಕದ್ದು, ಎಂದಿನಂತೆಯೇ ಸದ್ದು ಮಾಡತಕ್ಕದ್ದು, ಎಂದಿನ ವಾಸನೆಯನ್ನೇ ಬೀರತಕ್ಕದ್ದು. ಕಲಂ 5 ಉಳಿಯುತ್ತದೆ. ಆದರೆ ಮರಿಯು ಗೂಡು ಸೇರಿದ ಕೂಡಲೇ ಶ್ರೀಮತಿ ಲೋಲಾಕ್ಷಿ ಅವರನ್ನು ಟೆರೇಸಿಗೆ ಕರೆಯತಕ್ಕದ್ದು, ಮತ್ತು ಅದಕ್ಕೆ ಮೊದಲ ಹಿಡಿ ಕಾಳನ್ನು ಅವರ ಕೈಯಿಂದಲೇ ಕೊಡಿಸತಕ್ಕದ್ದು. ಬೆಲ್ಲವನ್ನು ದೇವದಾಸ್ ಅವರಿಗೆ ಕೊಡಬಹುದು.

18. ಗೂಡು: ಸದರಿ ಗೂಡು ಕ್ರೀಡಾ ಸೌಲಭ್ಯವೆಂದು ಸಾಬೀತಾಗಿರುವುದರಿಂದ ಅದು ಟೆರೇಸಿನಲ್ಲಿಯೇ ಇರತಕ್ಕದ್ದು. ಎಷ್ಟು ಕಾಲದವರೆಗೆ ಎಂಬುದನ್ನು ನಮೂದಿಸಲು ಮರೆತುಹೋಗಿದೆ. ಯಾರೂ ನೆನಪಿಸಬಾರದಾಗಿ ಕೋರಿದೆ.

ಸಹಿ/-
ಯಜ್ಞೇಶ್ವರ
ಸಂಚಾಲಕರು, ಟೆರೇಸ್ ಮತ್ತು ಆಕಾಶ ಉಪಸಮಿತಿ
(ಸಹಿಯ ಪಕ್ಕದ ಕಲೆ ಮುದ್ರೆಯಲ್ಲ; ಸಹಿ ಹಾಕಿದ್ದು ಟೆರೇಸಿನಲ್ಲಿ.)

ಪ್ರತಿಗಳು:
1. ಬಿ ವಿಂಗಿನ ನೋಟಿಸ್ ಬೋರ್ಡಿಗೆ. ಎ ವಿಂಗಿಗೆ ಮರಾಠಿಯಲ್ಲಿ.
2. ಶ್ರೀಮತಿ ಲೋಲಾಕ್ಷಿ ಅವರಿಗೆ, ಸೀರೆಗಳನ್ನು ಮತ್ತೆ ಇಸ್ತ್ರಿ ಮಾಡಿಸಿಕೊಡುವ ಭರವಸೆಯೊಂದಿಗೆ.
3. ಶ್ರೀ ಮಾಪಣ್ಣ ಅವರಿಗೆ, ಕಲ್ಯಾಣ. ಫೋನಿನಲ್ಲಿ ಪೂರ್ತಿ ಓದಿ ಹೇಳಲಾಗಿದೆ. "ಇನ್ನೊಮ್ಮೆ ಓದ್ರಿ" ಎಂದದ್ದರಿಂದ ಇನ್ನೊಮ್ಮೆ ಓದಲಾಗಿದೆ.
4. ಎದುರಿನ ಕಟ್ಟಡದ ಕಾರ್ಯದರ್ಶಿಗಳಿಗೆ, ಟಾಂಕಿಯ ಬಳಕೆಗಾಗಿ ವಂದನೆಗಳೊಂದಿಗೆ.
5. ವಾಟರ್‌ಪ್ರೂಫಿಂಗ್ ಗುತ್ತಿಗೆದಾರರಿಗೆ: ಗೂಡನ್ನು ಅಲುಗಾಡಿಸದೆ ಅದರ ಸುತ್ತ ಕೆಲಸ ಮಾಡತಕ್ಕದ್ದು. ಬೆಳಿಗ್ಗೆ ಬೇಗ ಬಂದಲ್ಲಿ ಅಲ್ಲಿ ಒಬ್ಬರು ಚಹಾ ಕೊಡುತ್ತಾರೆ, ಬೇಡವೆನ್ನಬಾರದು.